ವಿಕಿರಣಶೀಲ ದ್ರವತ್ಯಾಜ್ಯದ ವಿಲೇವಾರಿ: ಪುಣೆಯ ಪ್ರಯೋಗಾಲಯಗಳ ಸಂದರ್ಭ

ಆಡಳಿತ ಕನ್ನಡದಲ್ಲಿ ‘ವಿಲೇವಾರಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಕಡತದ ವಿಲೇವಾರಿ ಎಂದರೆ ಅದನ್ನು ಪರಿಶೀಲಿಸಿ ಇತ್ಯರ್ಥಪಡಿಸುವುದು. ಕಸದ ವಿಲೇವಾರಿ ಎಂದರೆ ಅದನ್ನು ಕಣ್ಣಿಗೆ ಬೀಳದಂತೆ ದೂರಮಾಡುವುದು. ಸಂಶೋಧನಾಲಯಗಳಲ್ಲಿ ಉಳಿಯುವ ಅಲ್ಪಮಟ್ಟದ ವಿಕಿರಣಶೀಲ ದ್ರವಗಳಿಗೆ ಮೊದಲನೆಯ ಅರ್ಥವೇ ಸಲ್ಲತಕ್ಕದ್ದು.

ಪುಣೆ ನಮ್ಮ ದೇಶದ ಪ್ರಮುಖ ವಿಜ್ಞಾನ ಕೇಂದ್ರಗಳಲ್ಲೊಂದು. 1950ರಲ್ಲಿ ಉದ್ಘಾಟನೆಗೊಂಡ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, 1952ರಲ್ಲಿ ಆರಂಭವಾದ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ, ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ ಇವೆಲ್ಲ ಅಲ್ಲಿವೆ. ಅಣುವೊಂದು ಜೀವಕೋಶದಲ್ಲಿ ಸಾಗುವ ಹಾದಿಯನ್ನು ಗುರುತಿಸಲು ರಂಜಕ-32, ಗಂಧಕ-35, ಟ್ರಿಟಿಯಂ, ಇಂಗಾಲ-14 ಮೊದಲಾದ ಐಸೊಟೋಪುಗಳನ್ನು ಬಳಸುವ ಪದ್ಧತಿ ಕಳೆದ ಶತಮಾನದ ಉತ್ತರಾರ್ಧದಲ್ಲಿ ಲೋಕದ ಪ್ರಯೋಗಾಲಯಗಳಲ್ಲೆಲ್ಲ ನೆಲೆಗೊಂಡಿತು. ಬೆಳಕು ಸೂಸುವ ವರ್ಣಕಗಳು ಬಂದ ಬಳಿಕ ಅದು ತಗ್ಗಿದೆ; ನಿಂತಿಲ್ಲ. ಪ್ರಯೋಗ ಮುಗಿದಾಗ ಉಳಿಯುವುದು ಬಳಸಿದ ದ್ರಾವಣ ಮತ್ತು ಪಾತ್ರೆ ತೊಳೆದ ನೀರು.

ಇಂಥ ದ್ರವವನ್ನು ಸುಡುವುದರಿಂದಾಗಲಿ ಕುದಿಸುವುದರಿಂದಾಗಲಿ ಅದರ ವಿಕಿರಣವು ಅಳಿಯದು. ಅದನ್ನು ಅಳಿಸುವುದು ಕಾಲ ಮಾತ್ರ. ವಿಕಿರಣಶೀಲತೆ ಅರ್ಧಕ್ಕಿಳಿಯಲು ಬೇಕಾದ ಅವಧಿಯನ್ನು ಅರ್ಧಾಯು ಎನ್ನುತ್ತಾರೆ. ಹತ್ತು ಅರ್ಧಾಯುಗಳು ಕಳೆದರೆ ಮೂಲದ 1,024ರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ರಂಜಕ-32ರ ಅರ್ಧಾಯು ಸುಮಾರು 14.3 ದಿನ, ಆದುದರಿಂದ ಐದು ತಿಂಗಳು ಭದ್ರವಾಗಿ ಕೂಡಿಟ್ಟರೆ ಸಾಕು. ಗಂಧಕ-35ರದು 87 ದಿನಗಳಷ್ಟು. ಅದಕ್ಕೆ ಎರಡೂವರೆ ವರ್ಷ ಕಾಯಬೇಕು. ಟ್ರಿಟಿಯಮ್ಮಿನ ಅರ್ಧಾಯು 12.3 ವರ್ಷ, ಇಂಗಾಲ-14ರದು ಸುಮಾರು 5,730 ವರ್ಷ. ಇವುಗಳ ಮುಂದೆ ಪ್ರಯೋಗಾಲಯದ ತಾಳ್ಮೆ ಸಾಲದು.

ಆದಕಾರಣ ಬೇರೆ ಬೇರೆ ಐಸೊಟೋಪುಗಳ ತ್ಯಾಜ್ಯವನ್ನು ಬೇರೆ ಬೇರೆ ಕ್ಯಾನುಗಳಲ್ಲಿ ಸಂಗ್ರಹಿಸುವುದು ಈ ಕಾರ್ಯದ ಮೂಲಸೂತ್ರ. ರಂಜಕದ ಕ್ಯಾನಿಗೆ ಯಾರಾದರೂ ಟ್ರಿಟಿಯಂ ಸುರಿದರೆಂದು ಭಾವಿಸೋಣ. ಐದು ತಿಂಗಳ ತರುವಾಯ ರಂಜಕವು ಬಹುತೇಕ ನಶಿಸಿರುತ್ತದೆ. ಟ್ರಿಟಿಯಮ್ಮಿನ ಶೇಕಡ 98ರಷ್ಟು ಹಾಗೆಯೇ ಇರುತ್ತದೆ. ಕ್ಯಾನಿನ ಮೇಲೆ ಐಸೊಟೋಪಿನ ಹೆಸರು, ಪ್ರಮಾಣ, ದಿನಾಂಕಗಳಿಲ್ಲದಿದ್ದರೆ ಕಾಯುವಿಕೆಗೆ ಅರ್ಥವೇ ಇರುವುದಿಲ್ಲ. ರಂಜಕದ ಕ್ಯಾನಿಗೆ ಸೀಸಕ್ಕಿಂತ ದಪ್ಪ ಅಕ್ರಿಲಿಕ್ ಹಲಗೆಯ ಮರೆ ಉಚಿತ. ಅದರ ಬೀಟಾ ಕಣಗಳು ಸೀಸಕ್ಕೆ ತಾಗಿದರೆ ಕ್ಷಕಿರಣಗಳು ಹೆಚ್ಚಾಗಿ ಹೊಮ್ಮುತ್ತವೆ.

ಭಾರತದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರಲ್ಲಿ ಸ್ಥಾಪನೆಯಾಯಿತು. ವಿಕಿರಣಶೀಲ ತ್ಯಾಜ್ಯಗಳ ಸುರಕ್ಷಿತ ವಿಲೇವಾರಿಯ ನಿಯಮಗಳು 1987ರಲ್ಲಿ ಬಂದವು. ನೀರಿನಲ್ಲಿ ಕರಗುವ ದ್ರವವನ್ನು, ಅದರ ವಿಕಿರಣಶೀಲತೆ ನಿಗದಿತ ಮಿತಿಯೊಳಗಿದ್ದರೆ, ಲೆಕ್ಕವಿಟ್ಟು ಚರಂಡಿಗೆ ಬಿಡಲು ಅವಕಾಶವಿದೆ. ಟಾಲೂಯಿನ್‌ನಂಥ ಕರಗದ ದ್ರಾವಕಗಳಿಗೆ ಆ ದಾರಿಯಿಲ್ಲ. ಮಿತಿಮೀರಿದ ದೀರ್ಘಾಯುವಿನ ತ್ಯಾಜ್ಯವನ್ನು ಅಧಿಕೃತ ಕೇಂದ್ರಕ್ಕೆ ಒಪ್ಪಿಸಬೇಕಾಗುತ್ತದೆ.

ಈ ಶಿಸ್ತು ಕನ್ನಡ ನಾಡಿಗೂ ಸಂಬಂಧಿಸಿದ್ದು. ಪುಣೆಯ ನಡುವೆ ಹರಿಯುವ ಮುಳಾ ಮುಠಾ ನದಿಗಳು ಕೂಡಿ ಭೀಮೆಯನ್ನು ಸೇರುತ್ತವೆ. ಭೀಮೆ ಉಜನಿ ಜಲಾಶಯವನ್ನೂ ಪಂಢರಪುರವನ್ನೂ ದಾಟಿ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿದು ಕೃಷ್ಣೆಯಲ್ಲಿ ಲೀನವಾಗುತ್ತದೆ. ದೂರ ಸಾಗಿದಂತೆ ನೀರು ಬೆರೆತು ವಿಕಿರಣವು ತೆಳುವಾಗುವುದು ನಿಜ. ಆದರೆ ತೆಳುವಾಗುವುದು ಬೇರೆ, ನಶಿಸುವುದು ಬೇರೆ. ಮೇಲಿನ ದಡದವರು ಬಿಟ್ಟದ್ದನ್ನು ಕೆಳಗಿನ ದಡದವರು ಅಳೆದು ನೋಡಿ ಕುಡಿಯುವುದಿಲ್ಲ. ಅವರ ಪರವಾಗಿ ಅಳೆಯಬೇಕಾದ ಹೊಣೆ ಕ್ಯಾನಿನ ಮೇಲೆ ದಿನಾಂಕ ಬರೆಯುವ ಕೈಯದು.