ನೂರು ದೇಶದ ಸೋಲಾರ್ ಒಪ್ಪಂದ, ನಮ್ಮ ಅಂಗಡಿಗೆ ಬಂದದ್ದೇನು? ಶಿವನಸಮುದ್ರದಿಂದ ಸೂರ್ಯಘರ್‌ವರೆಗೆ ಒಂದು ಲೆಕ್ಕ

ಚುಂಚನಕಟ್ಟೆ: ಮಧ್ಯಾಹ್ನದ ಹೊತ್ತು ಟೀ ಅಂಗಡಿಯಲ್ಲಿ ಕೂತಿದ್ದಾಗ ಕರೆಂಟು ಹೋಯ್ತು. ಫ್ರಿಡ್ಜ್ ನಿಂತಿತು, ಫ್ಯಾನ್ ನಿಂತಿತು. ಮೊಬೈಲಲ್ಲಿ ಸೌರಶಕ್ತಿಗೆ ನೂರು ದೇಶಗಳು ಒಂದಾದ ವಿಡಿಯೋ ನೋಡ್ತಿದ್ದ ಅಂಗಡಿಯಣ್ಣ ನನ್ನ ಕಡೆ ತಿರುಗಿ, "ಏನಪ್ಪಾ ರಿಪೋರ್ಟರು, ನೂರು ದೇಶದೋರು ಸೇರಿ ಸೈನ್ ಹಾಕವ್ರಂತೆ. ನನ್ನ ಅಂಗಡಿಗೆ ಏನ್ ಬಂತು?" ಅಂದ್ರು.

ಆಗ ನನ್ನ ಹತ್ರ ಉತ್ತರ ಇರ್ಲಿಲ್ಲ. ಆಮೇಲೆ ಹುಡುಕಿ, ಓದಿ, ತಿಳಿದವರನ್ನ ಕೇಳಿ ಬರೀತಿದ್ದೀನಿ. ಹೊರದೇಶದ ಸಹಕಾರ ನಮ್ಮಂಥ ಊರಿಗೆ ಮೂರು ದಾರಿಯಲ್ಲಿ ಬರುತ್ತೆ: ಯಂತ್ರ, ಬ್ಯಾಂಕಿನ ಬಡ್ಡಿ ಮತ್ತು ಪ್ಯಾನಲ್ ಬೆಲೆ. ಮೂರೂ ನಮ್ಮ ರಾಜ್ಯಕ್ಕೆ ಬಂದಿವೆ. ಆದ್ರೆ ಎಲ್ಲರ ಬಾಗಿಲಿಗೂ ಬಂದಿಲ್ಲ.

ಮೊದಲ ಕಥೆ ನಮ್ಮ ಹೊಳೆಯದ್ದೇ

ನಮ್ಮೂರಲ್ಲಿ ಧುಮ್ಮಿಕ್ಕೋ ಕಾವೇರಿ ಕೆಆರ್‌ಎಸ್ ಸೇರಿ, ಮುಂದೆ ಶಿವನಸಮುದ್ರದಲ್ಲಿ ಮತ್ತೆ ಧುಮುಕುತ್ತಾಳೆ. ಅಲ್ಲಿ 1902ರಲ್ಲೇ ನೀರಿನಿಂದ ಕರೆಂಟು ತೆಗೆದ್ರು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ ಅದು. ಯೋಜನೆ ಮುಂದೆ ನಿಂತು ನಡೆಸಿದ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಕೆನಡಾ ಮೂಲದವರು. ಜನರೇಟರ್ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯದ್ದು, ನೀರಿನಿಂದ ತಿರುಗೋ ಟರ್ಬೈನ್ ಸ್ವಿಟ್ಜರ್ಲೆಂಡ್‌ನ ಎಶರ್ ವಿಸ್ ಕಂಪನಿಯದ್ದು. 'ಅಂತರರಾಷ್ಟ್ರೀಯ ಸಹಕಾರ' ಅನ್ನೋ ದೊಡ್ಡ ಮಾತು ಬರೋಕೆ ಮುಂಚೆಯೇ ಮೈಸೂರು ಸೀಮೆ ಅದನ್ನ ಮಾಡಿ ತೋರಿಸಿತ್ತು.

ಆದ್ರೆ ಆ ಕರೆಂಟು ಮೊದಲು ಹೋದದ್ದೆಲ್ಲಿಗೆ? 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಗಣಿಯವರು ದುಡ್ಡು ಕೊಟ್ಟು ಕೊಳ್ಳೋಕೆ ಒಪ್ಪಿದ್ದರಿಂದಲೇ ಯೋಜನೆ ನಿಂತಿತು. ಬೆಂಗಳೂರಿಗೆ ಬೀದಿ ದೀಪ ಬಂದದ್ದು 1905ರಲ್ಲಿ. ಬೇಸಿಗೆಯಲ್ಲಿ ಹೊಳೆ ಸೊರಗಿದ್ರೆ ಗಣಿಗೆ ಕರೆಂಟು ಸಾಲ್ತಿರ್ಲಿಲ್ಲ. 1911ರಲ್ಲಿ ಕೆಆರ್‌ಎಸ್ ಕೆಲಸ ಶುರುವಾಗೋಕೆ ನೀರಾವರಿ ಜೊತೆ ಇದೂ ಒಂದು ಕಾರಣ. ಹೊಳೆ ದಡದ ಹಳ್ಳಿಗಳು ಮಾತ್ರ ಸೀಮೆಎಣ್ಣೆ ಬುಡ್ಡಿ ಹಚ್ಚಿಕೊಂಡು ಇನ್ನೂ ಎಷ್ಟೋ ದಶಕ ಕಾಯಬೇಕಾಯ್ತು.

ಹೊರದೇಶದ ಯಂತ್ರ ಬಂದರೂ ಅದರ ಫಲ ಮೊದಲು ಯಾರಿಗೆ ಅನ್ನೋದು ನಮ್ಮವರ ಲೆಕ್ಕಾಚಾರದ ಮೇಲೆ ನಿಂತಿತ್ತು. ಈಗಲೂ ಹಾಗೇ.

ಬಡ್ಡಿ ಇಳಿಸಿದ್ದು ವಿಶ್ವಸಂಸ್ಥೆ

ನೂರು ವರ್ಷ ಆದ್ಮೇಲಿನ ಮಾತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಜೊತೆ ಸೇರಿ ಮನೆ ಸೋಲಾರ್ ದೀಪಕ್ಕೆ ಸಾಲದ ಯೋಜನೆ ಶುರು ಮಾಡಿದ್ರು. ಹೆಚ್ಚಿನ ಸಾಲ ಹೋದದ್ದು ಕರ್ನಾಟಕದ ಮನೆಗಳಿಗೆ.

ಅವರು ಪ್ಯಾನಲ್ ಪುಕ್ಕಟೆ ಹಂಚಲಿಲ್ಲ. ಬಡ್ಡಿಯ ಒಂದು ಭಾಗವನ್ನ ತಾವು ಕಟ್ಟಿದ್ರು. ಸುಮಾರು ಶೇ 12 ಇದ್ದ ಬಡ್ಡಿ ಸಾಲ ತಗೊಂಡವರಿಗೆ ಶೇ 5ಕ್ಕೆ ಇಳೀತು. ಲೆಕ್ಕ ಹಾಕಿ ನೋಡಿ: 20,000 ರೂಪಾಯಿ ಸಾಲ, ಐದು ವರ್ಷ. ಶೇ 12ಕ್ಕೆ ತಿಂಗಳ ಕಂತು ಸುಮಾರು 445 ರೂಪಾಯಿ. ಶೇ 5ಕ್ಕೆ 377. ಒಟ್ಟು ಉಳಿಯೋದು 4,000 ರೂಪಾಯಿ ಹತ್ತಿರ. ಕೂಲಿ ಮಾಡೋರಿಗೆ, ಬೀದಿ ವ್ಯಾಪಾರದೋರಿಗೆ ಸಾಲ ತಗೊಳ್ಳೋದೋ ಬೇಡವೋ ಅನ್ನೋದನ್ನ ಆ ದುಡ್ಡೇ ತೀರ್ಮಾನ ಮಾಡುತ್ತೆ.

2007ರಲ್ಲಿ ಯೋಜನೆ ಮುಗಿಯೋ ಹೊತ್ತಿಗೆ 18,000ಕ್ಕೂ ಹೆಚ್ಚು ಮನೆಗಳಿಗೆ ದೀಪ ಬಂದಿತ್ತು. ಸಬ್ಸಿಡಿಯನ್ನ ಬರ್ತಾ ಬರ್ತಾ ಕಡಿಮೆ ಮಾಡ್ತಾ ಹೋದ್ರು. ಅಷ್ಟರಲ್ಲಿ ಬ್ಯಾಂಕ್ ಮ್ಯಾನೇಜರುಗಳಿಗೆ ಸೋಲಾರ್ ಸಾಲ ಕೊಟ್ರೆ ವಾಪಸ್ ಬರುತ್ತೆ ಅನ್ನೋ ಧೈರ್ಯ ಬಂದಿತ್ತು.

ಪ್ಯಾನಲ್ ಅಗ್ಗ ಆಗಿದ್ದು ಹೇಗೆ?

ಮೂರನೇ ದಾರಿ ಬೆಲೆ. 2000ದಲ್ಲಿ ಜರ್ಮನಿ ಒಂದು ಕಾನೂನು ತಂತು. ಮನೆ ಮೇಲೆ ಸೋಲಾರ್ ಹಾಕಿ ಲೈನಿಗೆ ಕರೆಂಟು ಕೊಟ್ಟವರಿಗೆ 20 ವರ್ಷ ಒಳ್ಳೇ ರೇಟು ಗ್ಯಾರಂಟಿ. ಜನ ಮುಗಿಬಿದ್ದು ಹಾಕಿಸಿದ್ರು. ಆ ಬೇಡಿಕೆ ನೋಡಿ ಚೀನಾದವರು ದೊಡ್ಡ ದೊಡ್ಡ ಕಾರ್ಖಾನೆ ಕಟ್ಟಿದ್ರು. 2009ರ ಈಚೆಗೆ ಪ್ಯಾನಲ್ ಬೆಲೆ ಹತ್ತರಲ್ಲಿ ಒಂಬತ್ತು ಪಾಲು ಇಳಿದಿದೆ. ಪಾವಗಡದ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಎದ್ದು ನಿಂತದ್ದೂ ಈ ಅಗ್ಗದ ಕಾಲದಲ್ಲೇ.

ಅಂಗಡಿಯಣ್ಣ ನೋಡಿದ ನೂರು ದೇಶದ ಗುಂಪು ಅಂತರರಾಷ್ಟ್ರೀಯ ಸೌರ ಮೈತ್ರಿಕೂಟ. 2015ರ ನವೆಂಬರ್ 30ರಂದು ಪ್ಯಾರಿಸ್‌ನಲ್ಲಿ ಭಾರತ ಮತ್ತು ಫ್ರಾನ್ಸ್ ಶುರು ಮಾಡಿದ್ದು, ಮುಖ್ಯ ಕಚೇರಿ ದೆಹಲಿ ಪಕ್ಕದ ಗುರುಗ್ರಾಮದಲ್ಲಿದೆ. ಬಿಸಿಲು ಚೆನ್ನಾಗಿರೋ ಬಡ ದೇಶಗಳಿಗೆ ಸಾಲ, ತರಬೇತಿ, ತಂತ್ರಜ್ಞಾನ ಸಿಗೋ ಹಾಗೆ ಮಾಡೋದು ಅದರ ಕೆಲಸ. 2023ರ ಡಿಸೆಂಬರ್‌ನಲ್ಲಿ ದುಬೈ ಹವಾಮಾನ ಸಭೆಯಲ್ಲಿ ಇನ್ನೊಂದು ಮಾತಾಯ್ತು: ಬಿಸಿಲು, ಗಾಳಿ, ನೀರಿನಂಥ ಮೂಲಗಳ ವಿದ್ಯುತ್ ಸಾಮರ್ಥ್ಯವನ್ನ ಜಗತ್ತು 2030ರ ಹೊತ್ತಿಗೆ ಮೂರು ಪಟ್ಟು ಮಾಡಬೇಕು.

ಹಾಗಾದ್ರೆ ಅಂಗಡಿಗೆ?

ಇಲ್ಲೇ ಬೇಜಾರಿನ ವಿಷಯ. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ ಮನೆಗಳಿಗೆ ಮಾತ್ರ. 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, 3 ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ. ಅಂಗಡಿ, ಹೋಟೆಲ್, ಹಿಟ್ಟಿನ ಗಿರಣಿಯ ವಾಣಿಜ್ಯ ಮೀಟರಿಗೆ ಈ ದುಡ್ಡು ಇಲ್ಲ.

ಇನ್ನೊಂದು ಕಡೆ, ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರೋ ಮನೆಯವರಿಗೆ ಸೋಲಾರ್ ಹಾಕಿಸಿದ್ರೆ ಉಳಿಯೋದು ಕಡಿಮೆ. ಅಂದ್ರೆ ಸಬ್ಸಿಡಿ ಇರೋ ಕಡೆ ಬಿಲ್ಲಿಲ್ಲ, ಬಿಲ್ಲು ಇರೋ ಕಡೆ ಸಬ್ಸಿಡಿ ಇಲ್ಲ.

2016ರಲ್ಲಿ ವಿಶ್ವಬ್ಯಾಂಕ್ ಛಾವಣಿ ಸೋಲಾರ್‌ಗೆ ಅಂತಲೇ ಸ್ಟೇಟ್ ಬ್ಯಾಂಕ್‌ಗೆ 62.5 ಕೋಟಿ ಡಾಲರ್ ನೆರವು ಕೊಟ್ಟಿತು. ಅದು ಕಾರ್ಖಾನೆ, ಸಂಸ್ಥೆ, ವಾಣಿಜ್ಯ ಕಟ್ಟಡಗಳ ಛಾವಣಿಗೆ ಇದ್ದ ದುಡ್ಡು. ಇಂಥದ್ದರಲ್ಲಿ ಅನುಕೂಲ ಆಗೋದು ದೊಡ್ಡ ಛಾವಣಿ ಇದ್ದವರಿಗೆ. ಹತ್ತಡಿ ಅಗಲದ ಅಂಗಡಿಯವರು ಆ ಸಾಲಿನಲ್ಲಿ ಎಲ್ಲಿ ಬರ್ತಾರೆ? 1902ರಲ್ಲಿ ಗಣಿ ಮೊದಲು, ಹಳ್ಳಿ ಆಮೇಲೆ ಅಂದ ಹಾಗೇ.

ಆದ್ರೂ ಲೆಕ್ಕ ಹಾಕಿ

ಸಬ್ಸಿಡಿ ಇಲ್ಲ ಅಂತ ಕೈಬಿಡೋಕೆ ಮುಂಚೆ ಒಂದು ಸಣ್ಣ ಲೆಕ್ಕ. 1 ಕಿಲೋವ್ಯಾಟ್ ಪ್ಯಾನಲ್‌ಗೆ ನೆರಳಿಲ್ಲದ ಸುಮಾರು 100 ಚದರಡಿ ಜಾಗ ಬೇಕು. ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತೆ. ಮಳೆಗಾಲದ ಮೋಡದಲ್ಲಿ ಕಡಿಮೆ, ಬೇಸಿಗೆಯಲ್ಲಿ ಜಾಸ್ತಿ.

ಉದಾಹರಣೆಗೆ 2 ಕಿಲೋವ್ಯಾಟ್‌ಗೆ 1,20,000 ರೂಪಾಯಿ ಖರ್ಚು, ನಿಮ್ಮ ಬಿಲ್ಲಲ್ಲಿ ಯೂನಿಟ್ 8 ರೂಪಾಯಿ ಅಂತ ಇಟ್ಕೊಳ್ಳಿ. ತಿಂಗಳಿಗೆ 230 ಯೂನಿಟ್ ಬಂದ್ರೆ 1,840 ರೂಪಾಯಿ ಉಳಿತಾಯ. ಹಾಕಿದ ದುಡ್ಡು ಐದೂವರೆ ವರ್ಷಕ್ಕೆ ವಾಪಸ್. ಅಂಗಡಿಗಿರೋ ಒಂದು ಅನುಕೂಲ ಏನಂದ್ರೆ, ಬಿಸಿಲಿರೋ ಹೊತ್ತಲ್ಲೇ ನಮ್ಮ ವ್ಯಾಪಾರ ನಡೆಯುತ್ತೆ. ಬಂದ ಕರೆಂಟು ಅಲ್ಲೇ ಖರ್ಚಾಗುತ್ತೆ.

ಒಂದು ಎಚ್ಚರಿಕೆ. ಲೈನಿಗೆ ಸೇರಿಸೋ ಸಾದಾ ಸೋಲಾರ್ ಕರೆಂಟು ಹೋದ ತಕ್ಷಣ ತಾನೂ ನಿಲ್ಲುತ್ತೆ. ಕಂಬ ಹತ್ತಿರೋ ಲೈನ್‌ಮನ್‌ಗೆ ನಮ್ಮ ಛಾವಣಿಯಿಂದ ಶಾಕ್ ಹೊಡೀಬಾರದು ಅಂತ ಹಾಗೆ ಮಾಡಿರ್ತಾರೆ. ಬಿಲ್ ಇಳಿಯುತ್ತೆ, ಫ್ರಿಡ್ಜ್ ಮಾತ್ರ ನಿಂತೇ ಇರುತ್ತೆ. ಕರೆಂಟು ಹೋದಾಗಲೂ ನಡೀಬೇಕು ಅಂದ್ರೆ ಬ್ಯಾಟರಿ ಇರೋ ಹೈಬ್ರಿಡ್ ಬೇಕು, ಅದರ ಬೆಲೆ ಜಾಸ್ತಿ. ಮಾರೋಕೆ ಬರೋರು ಇದನ್ನ ಬಾಯಿ ಬಿಟ್ಟು ಹೇಳದಿದ್ರೆ ನೀವೇ ಕೇಳಿ.

ಹಾಕಿಸೋಕೆ ಮುಂಚೆ ಕೇಳಬೇಕಾದ್ದು

ಸೆಸ್ಕ್ ಕಚೇರಿಯಲ್ಲಿ: ನನ್ನ ವಾಣಿಜ್ಯ ಮೀಟರಿಗೆ ಯಾವ ಥರದ ಮೀಟರ್ ಕೊಡ್ತೀರಿ, ಮಿಕ್ಕಿದ ಯೂನಿಟ್‌ಗೆ ಎಷ್ಟು ಕೊಡ್ತೀರಿ? ಬರವಣಿಗೆಯಲ್ಲಿ ತಗೊಳ್ಳಿ.

ಬ್ಯಾಂಕಿನಲ್ಲಿ: ಅಂಗಡಿ ಸೋಲಾರ್‌ಗೆ ಸಾಲ ಇದೆಯಾ, ಬಡ್ಡಿ ಎಷ್ಟು, ಏನು ಅಡಮಾನ? ಬೇರೆ ಬ್ಯಾಂಕಲ್ಲೂ ಕೇಳಿ ಹೋಲಿಸಿ.

ಮಾರೋರ ಹತ್ರ: ಪ್ಯಾನಲ್‌ಗೆ ಎಷ್ಟು ವರ್ಷ, ಇನ್ವರ್ಟರ್‌ಗೆ ಎಷ್ಟು ವರ್ಷ ವಾರಂಟಿ, ಕೆಟ್ಟರೆ ಯಾರು ಬರ್ತಾರೆ?

ಅಂಗಡಿಯಣ್ಣನಿಗೆ ಇಷ್ಟೂ ಹೇಳಿದೆ. ಬಿಲ್ಲು ತೆಗೆದು ಯೂನಿಟ್ ನೋಡಿಕೊಂಡ್ರು. "ಬಡ್ಡಿ ಇಳಿಸಿದ್ರೆ ನಾಳೆನೇ ಹಾಕಿಸ್ತೀನಿ ಕಣಪ್ಪ" ಅಂದ್ರು. ಮನೆ ದೀಪಕ್ಕೆ ಬಡ್ಡಿ ಇಳಿಸಿದ ದಾರಿ 20 ವರ್ಷದ ಹಿಂದೆಯೇ ಇದೇ ರಾಜ್ಯದಲ್ಲಿ ಗೆದ್ದಿದೆ. ಅದನ್ನೇ ಸಣ್ಣ ಅಂಗಡಿಗೂ ಕೊಡಿ ಅಂತ ನಮ್ಮ ತಾಲ್ಲೂಕುಗಳ ವರ್ತಕರ ಸಂಘದವರು ಶಾಸಕರ ಮುಂದೆ, ಸಂಸದರ ಮುಂದೆ, ಬ್ಯಾಂಕಿನವರ ಮುಂದೆ ಕೇಳಬಹುದು. ಕೇಳದಿದ್ರೆ ಈ ಸಲವೂ ಕರೆಂಟಿನ ಲಾಭ ನಮ್ಮೂರು ದಾಟಿಕೊಂಡು ಮುಂದಕ್ಕೆ ಹೋಗುತ್ತೆ.