ನೋವಿನ ಗುಳಿಗೆ: ಕುಟುಂಬಗಳು ತಿಳಿದಿರಬೇಕಾದ ಸಂಗತಿ



ವಿದ್ಯಾರ್ಥಿವೇತನದ ವರದಿಯಲ್ಲಿ ನೋವಿನ ಗುಳಿಗೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಅರ್ಜಿ ಪರಿಶೀಲಿಸುವಾಗ ಮನೆಯ ಆದಾಯ ಏಕೆ ಇಳಿಯಿತು ಎಂದು ನಾವು ಕೇಳುತ್ತೇವೆ. ದುಡಿಯುವವರಿಗೆ ಕಾಯಿಲೆ ಎಂಬ ಉತ್ತರ ಮತ್ತೆ ಮತ್ತೆ ಬರುತ್ತದೆ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಓಡಾಡುವ ಮನೆಯಲ್ಲಿ ಮಕ್ಕಳ ಓದು ನಡೆಯುವುದು ಕಷ್ಟ. ಕಿಡ್ನಿ ಕೆಡಲು ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ದೊಡ್ಡ ಕಾರಣಗಳು. ಆದರೆ ಆಗಲೇ ದಣಿದ ಕಿಡ್ನಿಗೆ ದಿನಾ ನುಂಗುವ ನೋವಿನ ಗುಳಿಗೆ ಇನ್ನಷ್ಟು ಪೆಟ್ಟು ಕೊಡುತ್ತದೆ. ಅದನ್ನು ತಪ್ಪಿಸುವುದು ನಮ್ಮ ಕೈಯಲ್ಲಿದೆ.

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳಲ್ಲಿ ಚಾಟ್ನಿ ಕಾಲ ಬಂದರೆ ದಿನವಿಡೀ ಕೈ ಮೇಲೆತ್ತಿ ಕೆಲಸ. ಭುಜ, ಸೊಂಟ ಹಿಡಿದುಕೊಳ್ಳುತ್ತವೆ. ವಿಜಯಪುರ ನಗರದ ಹಮಾಲರು, ಗೌಂಡಿಗಳು, ಹೊಲಿಗೆ ಯಂತ್ರದ ಮುಂದೆ ಕೂರುವ ತಾಯಂದಿರ ಪಾಡೂ ಇದೇ. ವೈದ್ಯರು ಐದು ದಿನಕ್ಕೆಂದು ಬರೆದ ಗುಳಿಗೆ ವರ್ಷಗಟ್ಟಲೆ ನಡೆಯುತ್ತದೆ. ಖಾಲಿ ಸ್ಟ್ರಿಪ್ ತೋರಿಸಿ ಇನ್ನೊಂದು ಕೇಳುವುದು ರೂಢಿಯಾಗಿದೆ. ಸ್ಟ್ರಿಪ್‌ನ ಒಂದು ಬದಿಗೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ, ಅದು ವೈದ್ಯರ ಚೀಟಿ ಇಲ್ಲದೆ ಕೊಡಬಾರದ ಔಷಧ ಎಂದರ್ಥ.

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್, ನೇಪ್ರಾಕ್ಸೆನ್, ಎಟೋರಿಕಾಕ್ಸಿಬ್ ಎಲ್ಲವೂ ಒಂದೇ ಬಳಗದವು. ಬಾವು, ನೋವು ಹುಟ್ಟಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು ದೇಹದಲ್ಲಿ ತಯಾರಾಗದಂತೆ ಇವು ತಡೆಯುತ್ತವೆ. ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುವುದೂ, ಕಿಡ್ನಿಗೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವುದೂ ಅದೇ ಬಗೆಯ ವಸ್ತು. ಹಾಗಾಗಿ ನೋವು ಇಳಿಸುವ ಗುಳಿಗೆಯೇ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಕಿಡ್ನಿಗೆ ರಕ್ತ ಕಡಿಮೆ ಮಾಡಬಹುದು. ಜೊತೆಗೆ ಗ್ಯಾಸಿನ ಗುಳಿಗೆ ತೆಗೆದುಕೊಂಡರೆ ಸಾಕು ಎಂದು ಬಹಳ ಜನ ನಂಬಿದ್ದಾರೆ. ಅದು ಹೊಟ್ಟೆಯನ್ನು ಕಾಯುತ್ತದೆ, ಕಿಡ್ನಿಯನ್ನಲ್ಲ. ಸೂಜಿ ಮಾಡಿಸಿಕೊಂಡರೆ ತೊಂದರೆಯಿಲ್ಲ ಎಂಬುದೂ ಸರಿಯಲ್ಲ. ರಕ್ತ ಸೇರಿದ ಮೇಲೆ ಔಷಧ ಅದೇ.

ಹದ್ದುಗಳ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಡೈಕ್ಲೋಫೆನಾಕ್ ಕೊಟ್ಟಿದ್ದ ದನಗಳ ಹೆಣ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ದೇಶದೆಲ್ಲೆಡೆ ಸತ್ತವು. 2006ರಲ್ಲಿ ಕೇಂದ್ರ ಸರ್ಕಾರ ದನಗಳಿಗೆ ಅದನ್ನು ಕೊಡುವುದನ್ನೇ ನಿಲ್ಲಿಸಿತು. ಮನುಷ್ಯನ ಕಿಡ್ನಿ ಅಷ್ಟು ಸೂಕ್ಷ್ಮವಲ್ಲ, ನಿಜ. ಕೆಲವು ದಿನ, ಕಡಿಮೆ ಪ್ರಮಾಣದಲ್ಲಿ, ಊಟದ ನಂತರ, ವೈದ್ಯರು ಹೇಳಿದಂತೆ ತೆಗೆದುಕೊಂಡರೆ ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆಯಾಗದು. ಸಂಧಿವಾತಕ್ಕೆ ವೈದ್ಯರೇ ದೀರ್ಘಕಾಲ ಕೊಟ್ಟಿದ್ದರೆ ಇದನ್ನು ಓದಿ ಹೆದರಿ ಬಿಡಬೇಡಿ. ಕ್ರಿಯಾಟಿನಿನ್ ರಕ್ತಪರೀಕ್ಷೆ ಯಾವಾಗ ಮಾಡಿಸಬೇಕೆಂದು ಕೇಳಿ.

ಅಪಾಯ ಹೆಚ್ಚುವುದು ದೇಹದಲ್ಲಿ ನೀರು ಕಡಿಮೆಯಾದಾಗ. ವಾಂತಿ ಭೇದಿಯ ದಿನ, ನಮ್ಮ ಜಿಲ್ಲೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ದುಡಿದ ದಿನ, ರೋಜಾ ಹಿಡಿದ ದಿನ. ಸಹರಿಯಲ್ಲಿ ಎರಡು ತುತ್ತು ತಿಂದು ಗುಳಿಗೆ ನುಂಗಿ, ಸಂಜೆಯವರೆಗೆ ನೀರಿಲ್ಲದೆ ದುಡಿಯುವವರು ರಮ್ಜಾನ್‌ಗೆ ಮೊದಲೇ ವೈದ್ಯರನ್ನು ಕಂಡು, ಗುಳಿಗೆಯನ್ನು ಇಫ್ತಾರ್ ಊಟದ ನಂತರಕ್ಕೆ ಬದಲಿಸಬಹುದೇ ಎಂದು ಕೇಳಬೇಕು. ಕಾಯಿಲೆಯವರು ರೋಜಾ ಮುಂದೂಡಲು ಕುರ್‌ಆನ್‌ನಲ್ಲೇ ರಿಯಾಯಿತಿ ಇದೆ.

ಬಿ.ಪಿ.ಗೆ ಟೆಲ್ಮಿಸಾರ್ಟಾನ್‌ನಂಥ ಗುಳಿಗೆ, ಮೂತ್ರ ಹೆಚ್ಚಿಸುವ ಗುಳಿಗೆ, ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುವವರು ಅದನ್ನು ವೈದ್ಯರಿಗೆ ಹೇಳದೆ ನೋವಿನ ಗುಳಿಗೆ ಮುಟ್ಟಬಾರದು. ಹುಣ್ಣು, ಹೃದಯದ ತೊಂದರೆ, ಉಬ್ಬಸ ಇದ್ದವರೂ ಅಷ್ಟೇ. ಗರ್ಭಿಣಿಯರು, ಮುಖ್ಯವಾಗಿ 20 ವಾರ ತುಂಬಿದ ಮೇಲೆ, ವೈದ್ಯರೇ ಹೇಳದ ಹೊರತು ನುಂಗಕೂಡದು. ಡೆಂಗ್ಯೂ ಅನುಮಾನವಿರುವ ಜ್ವರಕ್ಕೆ ಈ ಬಳಗದ ಗುಳಿಗೆ ಬೇಡವೇ ಬೇಡ, ರಕ್ತಸ್ರಾವದ ಭಯವಿದೆ. ಜ್ವರಕ್ಕೆ, ಸಾಧಾರಣ ನೋವಿಗೆ ಪ್ಯಾರಾಸಿಟಮಾಲ್ ಇದೆ. ಅದಕ್ಕೂ ಮಿತಿ ಉಂಟು, ಮೀರಿದರೆ ಲಿವರ್ ಕೆಡುತ್ತದೆ.

ಇನ್ನೊಂದು ತಪ್ಪು ಗೊತ್ತಿಲ್ಲದೆಯೇ ಆಗುತ್ತದೆ. ಮೊಣಕಾಲಿಗೆ ಅಸೆಕ್ಲೋಫೆನಾಕ್-ಪ್ಯಾರಾಸಿಟಮಾಲ್ ಕೊಟ್ಟಿರುತ್ತಾರೆ, ತಲೆನೋವಿಗೆ ಮನೆಯಲ್ಲಿದ್ದ ಕಾಂಬಿಫ್ಲಾಮ್ ನುಂಗುತ್ತೇವೆ. ಒಂದೇ ಬಳಗದ ಎರಡು ಔಷಧ, ಮೇಲೆ ಪ್ಯಾರಾಸಿಟಮಾಲ್ ಎರಡು ಪಾಲು. ದೊಡ್ಡ ಅಕ್ಷರದ ಹೆಸರು ಕಂಪನಿ ಇಟ್ಟದ್ದು. ಔಷಧದ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ. ಕಾಲೇಜಿಗೆ ಹೋಗುವ ಮಕ್ಕಳು ಅದನ್ನು ಅಜ್ಜ ಅಜ್ಜಿಗೆ ಓದಿ ಹೇಳಲಿ. ಮುಟ್ಟಿನ ನೋವಿಗೆ ಹೆಣ್ಣುಮಕ್ಕಳು ಬಳಸುವ ಮೆಫೆನಮಿಕ್ ಆಸಿಡ್ ಕೂಡ ಇದೇ ಬಳಗದ್ದು. ಅದರಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದೆಂದು 2023ರಲ್ಲಿ ಭಾರತೀಯ ಔಷಧಕೋಶ ಆಯೋಗ ಎಚ್ಚರಿಸಿದೆ. ಮೈಮೇಲೆ ದದ್ದು, ಜ್ವರ ಕಂಡರೆ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು.

ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಬಂದರೆ, ಎದೆನೋವು ಅಥವಾ ಉಸಿರಾಟದ ತೊಂದರೆ ಆದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮೂತ್ರ ಕಡಿಮೆಯಾದರೆ, ಮುಖ ಅಥವಾ ಕಾಲು ಬಾತರೆ ಅದೇ ದಿನ ವೈದ್ಯರಿಗೆ ತೋರಿಸಿ. ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಔಷಧದ ಅಡ್ಡಪರಿಣಾಮವನ್ನು ತಿಳಿಸಲು 1800-180-3024 ಎಂಬ ಸರ್ಕಾರಿ ಉಚಿತ ಸಂಖ್ಯೆ ಇದೆ.

ವಿದ್ಯಾರ್ಥಿವೇತನದ ಅರ್ಜಿ ತುಂಬುವ ಪಾಲಕರಲ್ಲಿ ಒಂದು ವಿನಂತಿ. ಮನೆಯಲ್ಲಿ ದುಡಿಯುವವರಿಗೆ ಕಾಯಿಲೆ ಇದ್ದರೆ ಸಂಕೋಚವಿಲ್ಲದೆ ಬರೆಯಿರಿ, ಔಷಧದ ರಸೀದಿ ಇದ್ದರೆ ಲಗತ್ತಿಸಿ. ಆದಾಯದ ಲೆಕ್ಕ ನೋಡುವಾಗ ಆ ಖರ್ಚನ್ನೂ ಗಮನಿಸುತ್ತೇವೆ.