ಹೊಲಿಗೆಯೇ ಸಾಕ್ಷಿ: ಪಂದ್ಯದಲ್ಲಿ ತೊಟ್ಟ ಹಳೆಯ ಬೇಸ್‌ಬಾಲ್ ಜೆರ್ಸಿಗಳು

ಅಮೆರಿಕದ ಬೇಸ್‌ಬಾಲ್ ಆಟಗಾರರು ಪಂದ್ಯದಲ್ಲಿ ನಿಜವಾಗಿ ತೊಟ್ಟ ಹಳೆಯ ಜೆರ್ಸಿಗಳನ್ನು ಸಂಗ್ರಹಿಸುವವರ ಪಾಲಿಗೆ ಬಟ್ಟೆಯ ಅಂದಕ್ಕಿಂತ ಅದು ಹೊತ್ತಿರುವ ಪುರಾವೆಯೇ ಮುಖ್ಯ. ಅಭಿಮಾನಿಗಳಿಗೆಂದು ಅಂಗಡಿಯಲ್ಲಿ ಮಾರುವ ಹೊಸ ಜೆರ್ಸಿ ಎಷ್ಟೇ ಸೊಗಸಾಗಿದ್ದರೂ ಅದು ಬರಿಯ ಉಡುಪು, ಬೆವರಿನ ಕಲೆ ಹಿಡಿದು, ಹರಿದಲ್ಲಿ ರಫೂ ಮಾಡಿಸಿಕೊಂಡ ಅಂಗಿಯಾದರೋ ಒಂದು ಚಾರಿತ್ರಿಕ ದಾಖಲೆ.

ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡವು 1970ರಲ್ಲಿ ಪಾಲಿಯೆಸ್ಟರ್ ಹೆಣಿಗೆಯ ಉಡುಪನ್ನು ಬಳಕೆಗೆ ತರುವವರೆಗೂ ಆಟಗಾರರು ತೊಡುತ್ತಿದ್ದುದು ಫ್ಲಾನೆಲ್, ಅಂದರೆ ಉಣ್ಣೆಯ ಅಥವಾ ಉಣ್ಣೆ-ಹತ್ತಿ ಬೆರೆತ ದಪ್ಪ ಬಟ್ಟೆಯ ಅಂಗಿಗಳನ್ನು. ಅವು ಇಂದು ವಿರಳವಾಗಲು ಕಾರಣ ಆ ಕಾಲದ ಮಿತವ್ಯಯ: ದೊಡ್ಡ ತಂಡ ಬಳಸಿ ಬಿಟ್ಟ ಅಂಗಿಗಳು ಅದರ ಕೈಕೆಳಗಿನ ಮೈನರ್ ಲೀಗ್ ತಂಡಗಳಿಗೆ, ಅಂದರೆ ಎಳೆಯ ಆಟಗಾರರು ಪಳಗುವ ಕೆಳಹಂತದ ತಂಡಗಳಿಗೆ ಹೋಗುತ್ತಿದ್ದವು, ಅಲ್ಲಿ ಹಳೆಯ ಅಕ್ಷರ ಮತ್ತು ಅಂಕಿಗಳನ್ನು ಬಿಚ್ಚಿ ಹೊಸವನ್ನು ಹೊಲಿಯಲಾಗುತ್ತಿತ್ತು. ಹಾಗೆ ಬಿಚ್ಚಿದ ಜಾಗದಲ್ಲಿ ಉಳಿದ ಸೂಜಿರಂಧ್ರಗಳನ್ನೂ ಬಿಸಿಲು ತಾಗದೆ ಬಣ್ಣ ಉಳಿಸಿಕೊಂಡ ಭಾಗವನ್ನೂ ನೋಡಿಯೇ ಬಲ್ಲವರು ಮೂಲ ಅಂಕಿಯನ್ನು ಓದುತ್ತಾರೆ.

ತಯಾರಕರ ಹೆಸರಿನ ಚೀಟಿ, ಕತ್ತಿನ ಒಳಭಾಗದಲ್ಲಿ ನೂಲಿನಿಂದ ಹೊಲಿದ ಆಟಗಾರನ ಹೆಸರು, ಆಯಾ ತಂಡದ ಪದ್ಧತಿ ಇವೂ ಪರೀಕ್ಷೆಗೆ ಒಳಪಡುತ್ತವೆ. ಬೆನ್ನಿನ ಮೇಲೆ ಆಟಗಾರನ ಹೆಸರು ಹಾಕುವ ರೂಢಿಯನ್ನು ಶಿಕಾಗೊ ವೈಟ್ ಸಾಕ್ಸ್ ತಂಡ 1960ರಲ್ಲಿ ತಂದದ್ದರಿಂದ, ಅದಕ್ಕೂ ಹಿಂದಿನದೆನ್ನುವ ಅಂಗಿಯ ಬೆನ್ನಲ್ಲಿ ಹೆಸರಿದ್ದರೆ ಸಂಶಯ ಸಹಜ. ವಂಚನೆಯಿಂದ ದೊಡ್ಡ ಸಂಸ್ಥೆಗಳೂ ಪಾರಾಗಿಲ್ಲ. ಕೂಪರ್ಸ್‌ಟೌನ್‌ನಲ್ಲಿರುವ ಬೇಸ್‌ಬಾಲ್ ವಸ್ತುಸಂಗ್ರಹಾಲಯಕ್ಕೆ ಖ್ಯಾತ ಸಂಗ್ರಹವೊಂದರಿಂದ ಬಂದ, ಆಟಗಾರ ಜೋ ಜ್ಯಾಕ್ಸನ್ 1919ರಲ್ಲಿ ತೊಟ್ಟದ್ದೆಂದು ನಂಬಲಾಗಿದ್ದ ಜೆರ್ಸಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ, 1940ರ ದಶಕಕ್ಕೆ ಮೊದಲು ಬಳಕೆಯಲ್ಲೇ ಇಲ್ಲದ ಅಕ್ರಿಲಿಕ್ ಪದಾರ್ಥ ಅದರಲ್ಲಿ ಕಂಡುಬಂತು.

ಇಂದು ಎಲ್ಲಕ್ಕಿಂತ ಬಲವಾದ ಸಾಕ್ಷ್ಯವೆಂದರೆ ಛಾಯಾಚಿತ್ರದ ಹೋಲಿಕೆ. ಯಾವ ಎರಡು ಅಂಗಿಗಳಲ್ಲೂ ಅಕ್ಷರಗಳು ಗುಂಡಿಪಟ್ಟಿಗೆ ಅಥವಾ ಬಟ್ಟೆಯ ಗೆರೆಗಳಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರಲಾರವಾದ್ದರಿಂದ, ಪಂದ್ಯದ ಹಳೆಯ ಚಿತ್ರದೊಡನೆ ಅಂಗಿಯನ್ನು ಇಟ್ಟು ನೋಡಿ ನಿರ್ಣಯಕ್ಕೆ ಬರಲಾಗುತ್ತದೆ. 1932ರ ಅಕ್ಟೋಬರ್ 1ರಂದು ಶಿಕಾಗೊದಲ್ಲಿ ನಡೆದ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಚಾಂಪಿಯನ್ ತಂಡವನ್ನು ನಿರ್ಧರಿಸುವ ಸರಣಿಯ ಪಂದ್ಯದಲ್ಲಿ ಆಟಗಾರ ಬೇಬ್ ರೂತ್, ಚೆಂಡು ಬೀಳುವ ದಿಕ್ಕನ್ನು ಮೊದಲೇ ಕೈಯಿಂದ ತೋರಿಸಿ, ಚೆಂಡನ್ನು ಅಂಗಳದಾಚೆಗೆ ಅಟ್ಟುವ ಹೋಮ್ ರನ್ ಹೊಡೆದನೆಂಬ ಪ್ರತೀತಿಯಿದೆ. ಆತ ಆಗ ತೊಟ್ಟಿದ್ದ ಬೂದುಬಣ್ಣದ ಜೆರ್ಸಿ 2005ರಲ್ಲಿ 9,40,000 ಡಾಲರಿಗೆ ಮಾರಾಟವಾಗಿತ್ತು, ಮುಂದೆ ಛಾಯಾಚಿತ್ರಗಳ ಹೋಲಿಕೆಯಿಂದ ಅದು ಅದೇ ಪಂದ್ಯದ್ದೆಂಬುದಕ್ಕೆ ಬಲ ಬಂದ ಬಳಿಕ 2024ರ ಹರಾಜಿನಲ್ಲಿ ಅದರ ಬೆಲೆ 2.4 ಕೋಟಿ ಡಾಲರಿಗೂ ಮೀರಿತು.

ಬಿಚ್ಚಿಹೋದ ಅಂಕಿಗಳನ್ನು ಹಳೆಯ ಸೂಜಿರಂಧ್ರಗಳ ಜಾಡಿನಲ್ಲೇ ಮರಳಿ ಹೊಲಿಸುವವರೂ ಇದ್ದಾರೆ. ಅಂಥ ಅಂಗಿ ಗೋಡೆಯ ಮೇಲೆ ಚೆಂದ ಕಾಣುವುದೇನೋ ಹೌದು, ಆದರೆ ಹೊಸ ದಾರದ ಕೆಳಗೆ ಮುಚ್ಚಿಹೋಗುವುದು ಮುಂದಿನ ಪರೀಕ್ಷಕನಿಗೆ ಬೇಕಾದ ಮೂಲ ಸಾಕ್ಷ್ಯವೇ ಆದ್ದರಿಂದ, ಬರಿದಾದ ಬೆನ್ನನ್ನು ಹಾಗೆಯೇ ಉಳಿಸಿಕೊಳ್ಳುವ ಸಂಗ್ರಾಹಕರ ಪಕ್ಷವೇ ಹೆಚ್ಚು ಸಮಂಜಸವಾದುದು.